ಪೂರ್ವಪಕ್ಷ

ಅಭಿಪ್ರಾಯವೆಂಬುದು ನಾವೇ ಯೋಚಿಸಿ ಕಟ್ಟಿಕೊಂಡದ್ದು ಎಂದು ನಾನೂ ನಂಬಿದ್ದೆ. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿರುವ ಸೋದರತ್ತೆಯ ಮನೆಗೆ ಓದಲು ಬಂದ ಮೇಲೆ ಆ ನಂಬಿಕೆ ಸಡಿಲವಾಯಿತು.

ಚರ್ಚೆ ಎದ್ದದ್ದು ಒಂದು ತೀರ್ಪಿನ ಮೇಲೆ. ಒಂದರಿಂದ ನಾಲ್ಕನೇ ತರಗತಿವರೆಗೆ ಬೋಧನೆ ಮಾತೃಭಾಷೆ ಅಥವಾ ಕನ್ನಡದಲ್ಲಿರಬೇಕೆಂದು ಕರ್ನಾಟಕ ಸರ್ಕಾರ 1994ರಲ್ಲಿ ಆದೇಶಿಸಿತ್ತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಮಾಧ್ಯಮದ ಆಯ್ಕೆ ಮಗುವಿನ ಪರವಾಗಿ ಪೋಷಕರದು, ಸರ್ಕಾರ ಹೇರುವಂತಿಲ್ಲ ಎಂದಿತು.

"ಸರಿಯಾಗೇ ಹೇಳಿದೆ" ಅಂದರು ಅತ್ತೆ ಮಗ, ನನ್ನ ಭಾವ. "ಅನ್ಯಾಯ" ಅಂದೆ ನಾನು. ವಿಚಿತ್ರ ನೋಡಿ, ಕನ್ನಡ ಮಾಧ್ಯಮದಿಂದ ಬಂದು ಬಿ.ಕಾಂ. ಪುಸ್ತಕಗಳ ಇಂಗ್ಲಿಷಿಗೆ ತಿಣುಕಾಡಿದವನು ನಾನು. ಲೆಕ್ಕದ ಪ್ರಕಾರ ನಾನೇ ತೀರ್ಪಿನ ಪರ ಇರಬೇಕಿತ್ತು! ಆದರೆ ನಮ್ಮೂರಲ್ಲಿ ಮನೆ, ಸಂತೆ, ಶಾಲೆ ಎಲ್ಲಕ್ಕೂ ಒಂದೇ ಭಾಷೆ. ಭಾವ ಬೆಳೆದದ್ದು ಅಪ್ಪನ ವರ್ಗಾವಣೆಯ ಹಿಂದೆ, ಮೂರು ಊರಿನ ಮೂರು ಶಾಲೆಗಳಲ್ಲಿ.

ಹಳೆಯ ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವೆಂಬ ಪದ್ಧತಿಯಿದೆ. ಎದುರಾಳಿಯ ವಾದವನ್ನು ಮೊದಲು ಹೇಳಬೇಕು, ತನ್ನ ಸಿದ್ಧಾಂತ ಆಮೇಲೆ. ಅದನ್ನೇ ಪ್ರಯೋಗಿಸಿದೆವು. ಎದುರಿನವರು "ಹೌದು, ಇದೇ ನನ್ನ ಮಾತು" ಅನ್ನಬೇಕು, ಅಷ್ಟೇ ನಿಯಮ.

ಮೂರು ಸಲ ಹೇಳಿದರೂ ಭಾವ ಒಪ್ಪಲಿಲ್ಲ. ನಾನು "ಇಂಗ್ಲಿಷ್ ವ್ಯಾಮೋಹ" ಅಂತಲೇ ಶುರುಮಾಡುತ್ತಿದ್ದೆ. ನಾಲ್ಕನೇ ಸಲ ಆ ಮೂರು ಶಾಲೆಗಳಿಂದ ಹೊರಟೆ, ತಲೆಯಾಡಿಸಿದರು. ನನ್ನ ವಾದವನ್ನು ಅವರು ಹೇಳಿದ್ದು ಹೀಗೆ: "ತಿಳಿಯದ ಭಾಷೇಲಿ ಮೊದಲ ಪಾಠ ಕೇಳೋ ಮಗು ಕೂಡೋದು ಕಳೆಯೋದಕ್ಕಿಂತ ಮುಂಚೆ ಹೆದರೋದು ಕಲಿಯುತ್ತೆ." ನಾನೇ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ತೀರ್ಪು ನನಗಿನ್ನೂ ಒಪ್ಪಿಗೆಯಿಲ್ಲ. ಭಾವನೂ ಬದಲಾಗಿಲ್ಲ. ರಾತ್ರಿ ಊಟಕ್ಕೆ ಕೂತಾಗ ಜಗಳ ಈಗಲೂ ಉಂಟು, ಅತ್ತೆ ಎದ್ದು ಹೋಗುವಷ್ಟು ಮಾತ್ರ ಇಲ್ಲ.