ಹೆಣ್ಣಿನ ನುಡಿ, ಹೆಣ್ಣಿನ ಪತ್ರಿಕೆ

ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಲ್ಲಿ ನೀರಮಾನ್ವಿ ಎಂಬ ಊರಿದೆ. ಯಲ್ಲಮ್ಮನ ಜಾತ್ರೆಯಿಂದಾಗಿ ಈ ಊರಿನ ಹೆಸರು ಸುತ್ತಣ ಸೀಮೆಯವರಿಗೆ ಪರಿಚಿತವಾಗಿದೆ. ಇಂತಹ ಊರುಗಳಲ್ಲಿ ಹಿಂದೆ ಕೋಳಿ ಕೂಗುವ ಮುನ್ನವೇ ಬೀಸುವ ಕಲ್ಲಿನ ಸದ್ದು ಕೇಳಿಬರುತ್ತಿತ್ತು. ಆ ಸದ್ದಿನ ಜೊತೆಗೆ ಹಾಡೂ ಹುಟ್ಟುತ್ತಿತ್ತು. ತವರಿನ ನೆನಪು, ಮಕ್ಕಳ ಮೇಲಣ ಮಮತೆ, ಅತ್ತೆಯ ಮನೆಯ ಕಷ್ಟ, ಮಳೆರಾಯನ ಮೇಲಿನ ಮುನಿಸು ಎಲ್ಲವೂ ಮೂರು ಸಾಲಿನ ತ್ರಿಪದಿಯಲ್ಲಿ ಹರಿದುಬರುತ್ತಿದ್ದವು. ಇವನ್ನು ಕಟ್ಟಿದವರು ಯಾರು? ಹೆಸರು ಯಾರಿಗೂ ತಿಳಿಯದು. ಹಾಡು ಉಳಿಯಿತು, ಹಾಡಿದವಳು ಮರೆಯಾದಳು. ಹೆಣ್ಣುಮಕ್ಕಳ ಸೃಷ್ಟಿಯ ಇತಿಹಾಸವೆಲ್ಲ ಬಹುಮಟ್ಟಿಗೆ ಹೀಗೆಯೇ ಸಾಗಿದೆ. ಆದುದರಿಂದ ಅದನ್ನು ಸವಿಯಬೇಕಾದವರು ಮೊದಲು ಅದನ್ನು ಹುಡುಕಬೇಕು.

ಹುಡುಕುವವರಿಗೆ ರಾಯಚೂರು ಸೀಮೆ ಬರಿಗೈಯಲ್ಲಿ ಕಳುಹಿಸುವ ನಾಡಲ್ಲ. ಹನ್ನೆರಡನೆಯ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನು ಇದೇ ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳೆಂದು ಪರಂಪರೆ ಹೇಳುತ್ತದೆ. ಆಕೆಯ ಪತಿ ಮಾರಯ್ಯನು ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಮಿಕ್ಕುದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಪತಿಗೇ ಬುದ್ಧಿ ಹೇಳಬಲ್ಲ ಧೈರ್ಯ, ಆ ಮಾತನ್ನು ವಚನವಾಗಿ ನುಡಿಯಬಲ್ಲ ಸಾಮರ್ಥ್ಯ ಆಕೆಗಿದ್ದಿತು. ಶರಣರ ಗೋಷ್ಠಿಗಳಲ್ಲಿ ಸ್ತ್ರೀಯರ ಮಾತಿಗೂ ಸ್ಥಾನವಿದ್ದುದರಿಂದಲೇ ಇಂತಹ ನುಡಿಗಳು ನಮಗೆ ಉಳಿದುಬಂದಿವೆ.

ಹದಿನೆಂಟನೆಯ ಶತಮಾನದಲ್ಲಿ ಇದೇ ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಜನಿಸಿದ ಗೋಪಾಲದಾಸರು ಹರಿದಾಸರಲ್ಲಿ ಪ್ರಸಿದ್ಧರು. ರಾಣೆಬೆನ್ನೂರಿನ ಕಡೆಯ ಹೆಳವನಕಟ್ಟೆ ಗಿರಿಯಮ್ಮನಿಗೆ ಮಾರ್ಗದರ್ಶನ ಮಾಡಿದವರು ಇವರೇ ಎಂಬುದು ದಾಸಪರಂಪರೆಯ ನಂಬಿಕೆ. ಗಿರಿಯಮ್ಮನು ಕೀರ್ತನೆಗಳನ್ನಲ್ಲದೆ ಚಂದ್ರಹಾಸನ ಕಥೆಯಂತಹ ದೀರ್ಘ ಕಥನಗಳನ್ನೂ ರಚಿಸಿದಳು. ಹೆಂಗಳೆಯರು ಅವನ್ನು ಬಾಯಿಪಾಠ ಮಾಡಿ, ಹಬ್ಬಹರಿದಿನಗಳಲ್ಲಿ ಕೂಡಿ ಹಾಡಿದರು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಆ ಕಂಠಗಳೇ ಪುಸ್ತಕ, ಆ ನಡುಮನೆಯೇ ಸಭೆ.

ಹಾಡಿಗೆ ಕಂಠವೊಂದಿದ್ದರೆ ಸಾಕು. ಪತ್ರಿಕೆಗೆ ಹಾಗಲ್ಲ. ಅದಕ್ಕೆ ಕಾಗದ ಬೇಕು, ಅಚ್ಚುಕೂಟ ಬೇಕು, ಹಣ ಬೇಕು, ಚಂದಾದಾರರು ಬೇಕು. ಎಲ್ಲಕ್ಕಿಂತ ಮಿಗಿಲಾಗಿ ಓದುಬರೆಹ ಬೇಕು. ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲೇ ಮುಚ್ಚಿದ್ದ ಕಾಲದಲ್ಲಿ ಇವೆಲ್ಲವೂ ಒದಗುವುದು ಹೇಗೆ? ಲಂಡನ್ನಿನಲ್ಲಿ ಎಮಿಲಿ ಫೇತ್‌ಫುಲ್ ಎಂಬಾಕೆ 1860ರಲ್ಲಿ ವಿಕ್ಟೋರಿಯಾ ಮುದ್ರಣಾಲಯವನ್ನು ಸ್ಥಾಪಿಸಿ, ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸ್ತ್ರೀಯರನ್ನು ನೇಮಿಸಿದಳು. ಮಹಾರಾಷ್ಟ್ರದಲ್ಲಿ ತಾರಾಬಾಯಿ ಶಿಂದೆಯು 1882ರಲ್ಲಿ ಸ್ತ್ರೀಪುರುಷರನ್ನು ಒಂದೇ ತಕ್ಕಡಿಯಲ್ಲಿ ತೂಗಿ ನೋಡುವ ದಿಟ್ಟ ಗ್ರಂಥವೊಂದನ್ನು ಪ್ರಕಟಿಸಿದಳು. ಕನ್ನಡ ನಾಡಿನಲ್ಲಿ ಆ ಸಾಹಸಕ್ಕೆ ಕೈಹಾಕಿದವರು ನಂಜನಗೂಡು ತಿರುಮಲಾಂಬ.

ತಿರುಮಲಾಂಬ ಅವರು 1887ರಲ್ಲಿ ನಂಜನಗೂಡಿನಲ್ಲಿ ಜನಿಸಿದರು. ತಂದೆ ವಕೀಲರು. ಅಂದಿನ ರೂಢಿಯಂತೆ ಹತ್ತನೆಯ ವಯಸ್ಸಿಗೆ ಮಗಳ ಮದುವೆಯಾಯಿತು. ಆಕೆಗೆ ಹದಿನಾಲ್ಕು ತುಂಬುವ ವೇಳೆಗೆ ಪ್ಲೇಗು ಪತಿಯನ್ನು ಬಲಿ ತೆಗೆದುಕೊಂಡಿತು. ಇಂದಿನ ಒಂಬತ್ತನೆಯ ತರಗತಿಯ ಹುಡುಗಿಯ ವಯಸ್ಸು ಅದು! ಆ ಕಾಲದಲ್ಲಿ ಅಂತಹ ಬಾಲೆಯ ಪಾಲಿಗೆ ಉಳಿಯುತ್ತಿದ್ದುದು ಮನೆಯ ಮೂಲೆ ಮಾತ್ರ. ಆದರೆ ತಿರುಮಲಾಂಬ ಅವರ ತಂದೆ ಮಗಳಿಗೆ ಪುಸ್ತಕಗಳನ್ನು ತಂದುಕೊಟ್ಟರು. ಆಕೆ ಮನೆಯಲ್ಲಿಯೇ ಕುಳಿತು ಹಲವು ಭಾಷೆಗಳನ್ನು ಕಲಿತರು. ಓದು ಬರೆಹವಾಯಿತು, ಬರೆಹ ಗ್ರಂಥವಾಯಿತು.

1913ರಲ್ಲಿ ತಿರುಮಲಾಂಬ ಅವರು 'ಸತೀಹಿತೈಷಿಣೀ' ಎಂಬ ಗ್ರಂಥಮಾಲೆಯನ್ನು ಆರಂಭಿಸಿದರು. ಅದರಲ್ಲಿ ಹೊರಬಂದ 'ಸುಶೀಲೆ' ಎಂಬ ಕಾದಂಬರಿ ಮರುಮುದ್ರಣಗಳನ್ನು ಕಂಡಿತು. ಅನಂತರ 1917ರಲ್ಲಿ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನು ಹೊರತಂದರು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂಬ ಗೌರವ ಅವರಿಗೆ ಸಲ್ಲುತ್ತದೆ. ಹೆಣ್ಣಿಗೆ ವಿದ್ಯೆ ಬೇಕು ಎಂದು ಹೇಳಿದ ಗಂಡಸರು ಅಂದು ಇದ್ದರು. ಆದರೆ ಹೆಣ್ಣೊಬ್ಬಳು ತಾನೇ ಲೇಖನಗಳನ್ನು ಆರಿಸಿ, ತಿದ್ದಿ, ಅಚ್ಚು ಮಾಡಿಸಿ, ಅಂಚೆಯ ಮೂಲಕ ಮತ್ತೊಬ್ಬಳ ಮನೆಗೆ ಕಳುಹಿಸುವುದು ಹೊಸ ಸಂಗತಿಯಾಗಿತ್ತು. ಹೊರಗೆ ಕಾಲಿಡಲಾಗದ ಗೃಹಿಣಿಯ ಬಳಿಗೆ ಹೊರಗಿನ ಲೋಕವೇ ಅಂಚೆಯವನ ಚೀಲದಲ್ಲಿ ಬಂದಂತಾಯಿತು.

'ನಂದಿನಿ' ಬಹುಕಾಲ ಬಾಳಲಿಲ್ಲ. ಆದರೆ ದೀಪದಿಂದ ದೀಪ ಹೊತ್ತಿತು. 1921ರಲ್ಲಿ ಆರ್. ಕಲ್ಯಾಣಮ್ಮನವರು ಬೆಂಗಳೂರಿನಲ್ಲಿ 'ಸರಸ್ವತಿ' ಎಂಬ ಮಾಸಪತ್ರಿಕೆಯನ್ನು ಪ್ರಾರಂಭಿಸಿ, ನಾಲ್ಕು ದಶಕಗಳ ಕಾಲ ಅದನ್ನು ನಡೆಸಿಕೊಂಡು ಬಂದರು. ಮಕ್ಕಳಿಗಾಗಿ 'ಮಕ್ಕಳ ಕೂಟ'ವನ್ನು ಕಟ್ಟಿದವರೂ ಇವರೇ.

ಇಷ್ಟಾದರೂ ತಿರುಮಲಾಂಬ ಅವರ ಕಥೆಯಲ್ಲಿ ಒಂದು ನೋವಿನ ಅಧ್ಯಾಯವಿದೆ. ಕಾಲ ಕಳೆದಂತೆ ನಾಡು ಅವರನ್ನು ಮರೆಯಿತು. ಅವರು ಮದರಾಸಿನಲ್ಲಿ ಬಂಧುಗಳ ಆಶ್ರಯದಲ್ಲಿ ಮೌನವಾಗಿ ಬಾಳುತ್ತಿದ್ದಾಗ, ಅವರು ಬದುಕಿರುವ ಸಂಗತಿಯೇ ಬಹುಮಂದಿ ಕನ್ನಡಿಗರಿಗೆ ತಿಳಿದಿರಲಿಲ್ಲ. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ವಿದುಷಿ ಚಿ. ನ. ಮಂಗಳಾ ಅವರಂತಹವರ ಶ್ರಮದಿಂದ ಆ ಹೆಸರಿಗೆ ಮತ್ತೆ ಬೆಳಕು ದೊರೆಯಿತು. ತಿರುಮಲಾಂಬ ಅವರು 1982ರಲ್ಲಿ ತೀರಿಕೊಂಡರು. ಮಂಗಳಾ ಅವರು ಕಟ್ಟಿದ 'ಶಾಶ್ವತಿ' ಸಂಸ್ಥೆಯು ಲೇಖಕಿಯರಿಗೆ ತಿರುಮಲಾಂಬ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು. ಬರೆಯುವುದಷ್ಟೇ ಸಾಲದು, ಬರೆದುದನ್ನು ಹುಡುಕಿ ಓದುವವರು ಇಲ್ಲದಿದ್ದರೆ ಬರೆಹವು ಎರಡನೆಯ ಸಲ ಸಾಯುತ್ತದೆ ಎಂಬುದನ್ನು ಈ ಪ್ರಸಂಗ ನಮಗೆ ಕಲಿಸುತ್ತದೆ.

ಸಭೆಗಳ ಮಾತೂ ಹಾಗೆಯೇ. ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು 1915ರಲ್ಲಿ. ಅದರ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು ಕುಳಿತದ್ದು 1974ರಲ್ಲಿ, ಮಂಡ್ಯದಲ್ಲಿ. ನಡುವೆ 59 ವರ್ಷಗಳು ಉರುಳಿದ್ದವು. ಆ ಅಧ್ಯಕ್ಷೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ. ಮರಾಠಿಯ ಪರಿಸರದಲ್ಲಿ ಬೆಳೆದರೂ ಕನ್ನಡವನ್ನು ಪ್ರೀತಿಯಿಂದ ಕಲಿತ ಅವರು ಸಿದ್ಧರಾಮನ ಚರಿತ್ರೆಯನ್ನು ಮಹಾಕಾವ್ಯವಾಗಿ ರಚಿಸಿದರು. ಅದಕ್ಕೆ ಅವರು ಆರಿಸಿಕೊಂಡ ಛಂದಸ್ಸು ಯಾವುದು? ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಅದೇ ತ್ರಿಪದಿ!

1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಸ್ಥಾಪಿತವಾಯಿತು. ಅದರ ಮೊದಲ ಅಧ್ಯಕ್ಷೆ ಟಿ. ಸುನಂದಮ್ಮನವರು ಹಾಸ್ಯ ಲೇಖಕಿಯಾಗಿ ಹೆಸರಾದವರು. ಹೆಣ್ಣಿನ ಬರೆಹವೆಂದರೆ ಕಣ್ಣೀರಿನ ಕಥೆ ಮಾತ್ರ ಎಂದು ತಿಳಿದವರು 'ಕೊರವಂಜಿ' ಪತ್ರಿಕೆಯಲ್ಲಿ ಬಂದ ಅವರ ಲೇಖನಗಳನ್ನು ಓದಬೇಕು. ಮನೆಯ ಸಣ್ಣಪುಟ್ಟ ಪೇಚುಗಳನ್ನು ಕಂಡು ನಗುವುದೂ ನಗಿಸುವುದೂ ಒಂದು ಸ್ವಾತಂತ್ರ್ಯವೇ. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಕಾದಂಬರಿಯನ್ನು ಪ್ರೇಮಾ ಕಾರಂತರು 1983ರಲ್ಲಿ ಚಲನಚಿತ್ರವಾಗಿಸಿದರು. ಒಬ್ಬ ಹೆಣ್ಣಿನ ಬಾಳನ್ನು ಮತ್ತೊಬ್ಬಳು ಬರೆದು, ಮಗದೊಬ್ಬಳು ತೆರೆಯ ಮೇಲೆ ತಂದಾಗ ಕಥೆಯ ನೋಟವೇ ಬದಲಾಗುತ್ತದೆ.

ಇದೆಲ್ಲ ನಗರದವರ ಮಾತು, ಬಿಸಿಲ ನಾಡಿನ ಹಳ್ಳಿಗಳಿಗೆ ಇದು ದೂರ ಎಂದು ಯಾರಾದರೂ ಆಕ್ಷೇಪಿಸಬಹುದು. ಆ ಆಕ್ಷೇಪಕ್ಕೆ ಕಲಬುರಗಿ ಸೀಮೆಯ ಗೀತಾ ನಾಗಭೂಷಣ ಅವರೇ ಉತ್ತರ. ಗಿರಣಿ ಕಾರ್ಮಿಕರ ಮನೆಯಲ್ಲಿ ಬೆಳೆದ ಅವರು ತಮ್ಮ ನೆಲದ ಆಡುನುಡಿಯಲ್ಲಿಯೇ ಬಡ ಹೆಣ್ಣುಮಕ್ಕಳ ಬದುಕನ್ನು ಚಿತ್ರಿಸಿದರು. 'ಬದುಕು' ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿತು. ನೆರೆಯ ತೆಲಂಗಾಣದ ಜಹೀರಾಬಾದ್ ಸೀಮೆಯಲ್ಲಿ ದಲಿತ ರೈತ ಮಹಿಳೆಯರ 'ಸಂಗಂ ರೇಡಿಯೋ' 2008ರಲ್ಲಿ ಪ್ರಸಾರವನ್ನು ಆರಂಭಿಸಿತು. ಬಿತ್ತನೆಯ ಬೀಜ, ಮನೆಮದ್ದು, ಹಳೆಯ ಹಾಡು ಇವೇ ಅದರ ಕಾರ್ಯಕ್ರಮಗಳಿಗೆ ವಸ್ತು. ಬಾನುಲಿಗೆ ಮಾತನಾಡಲು ಪದವಿ ಬೇಕಿಲ್ಲ; ಹೇಳಲು ಮಾತಿದ್ದರೆ ಸಾಕು ಎಂಬುದನ್ನು ಅವರು ತೋರಿಸಿಕೊಟ್ಟರು. ಹಾಸನದ ಬಾನು ಮುಷ್ತಾಕ್ ಅವರ ಕನ್ನಡ ಕಥೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಗೆ ಪಾತ್ರವಾದವು. ಅಂದು ನಂಜನಗೂಡಿನ ಮನೆಯೊಂದರಲ್ಲಿ ಹಚ್ಚಿದ ದೀಪದ ಬೆಳಕು ಇಂದು ಲೋಕದ ಕಣ್ಣಿಗೂ ಕಾಣುವಂತಾಗಿದೆ.

ಹಾಗಾದರೆ ಈ ಸಂಪತ್ತನ್ನು ವಿದ್ಯಾರ್ಥಿಗಳು ಎಲ್ಲಿ ಅರಸಬೇಕು? ಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಎಷ್ಟು ಪುಸ್ತಕಗಳು ಲೇಖಕಿಯರವು ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ಇಲ್ಲದಿದ್ದರೆ ಬೇಕೆಂದು ಕೇಳಬೇಕು. ಮಾರ್ಚ್ 8ರ ಮಹಿಳಾ ದಿನದಂದು ಬರಿಯ ಭಾಷಣಕ್ಕೆ ತೃಪ್ತಿಪಡದೆ, ಒಂದು ಕಥೆಯನ್ನು ಓದಿ ಚರ್ಚಿಸಬಹುದು. ಒಂದು ನಾಟಕವನ್ನು ಆಡಬಹುದು. ಹುಡುಗಿಯರೇ ಸಂಪಾದಕಿಯರಾಗಿ ಕೈಬರೆಹದ ಪತ್ರಿಕೆಯೊಂದನ್ನು ಹೊರತರಬಹುದು. ಹುಡುಗರೂ ಅದರ ಓದುಗರಾಗಬೇಕು. ಏಕೆಂದರೆ ಅರ್ಧ ಲೋಕದ ಮಾತನ್ನು ಕೇಳದವನಿಗೆ ಲೋಕವೂ ಅರ್ಧವೇ ತಿಳಿಯುತ್ತದೆ.

ಇನ್ನು, ಎಲ್ಲಕ್ಕಿಂತ ಹತ್ತಿರದ ಗ್ರಂಥಾಲಯ ಮನೆಯಲ್ಲಿಯೇ ಇದೆ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುವ ಕಲ್ಲು ಮೂಲೆ ಸೇರಿದೆ. ಆದರೆ ಅದರ ಹಾಡು ಅಜ್ಜಿಯ ನೆನಪಿನಲ್ಲಿ ಇನ್ನೂ ಉಳಿದಿರಬಹುದು. ನೀರಮಾನ್ವಿಯಂತಹ ಊರಿನ ಬಾಲಕಿಯೊಬ್ಬಳು ಅಜ್ಜಿಯ ಪಕ್ಕದಲ್ಲಿ ಕುಳಿತು, ಅವಳ ಹಾಡನ್ನು ಬರೆದುಕೊಂಡು, ಅದರ ಕೆಳಗೆ ಅವಳ ಹೆಸರನ್ನೂ ಬರೆದರೆ, ಶತಮಾನಗಳಿಂದ ನಡೆದುಬಂದ ಒಂದು ಮರೆವು ಅಲ್ಲಿಗೆ ಕೊನೆಗೊಳ್ಳುತ್ತದೆ.