ಸ್ವಮೋಹ: ಸ್ವಭಾವವೇ, ವಿಕಾರವೇ?

ತನ್ನ ಬಗ್ಗೆ ತನಗೆ ಒಳ್ಳೆಯ ಅಭಿಪ್ರಾಯವಿರುವುದು ಆರೋಗ್ಯದ ಲಕ್ಷಣ. ಮೆಚ್ಚುಗೆ ದೊರೆತಾಗ ಹಿಗ್ಗುವುದು, ಅವಮಾನವಾದಾಗ ನೋಯುವುದು ಮನುಷ್ಯಸಹಜ. ಆದರೆ ಕೆಲವರಲ್ಲಿ ಈ ಪ್ರವೃತ್ತಿಯು ಮಿತಿಮೀರಿ ಬೆಳೆದು, ಅವರ ಬಾಳನ್ನೂ ಅವರನ್ನು ನಂಬಿದವರ ಬಾಳನ್ನೂ ಕದಡಿಬಿಡುತ್ತದೆ. ಈ ಸ್ಥಿತಿಯನ್ನು ಚಿಕಿತ್ಸಾ ಮನೋವಿಜ್ಞಾನದಲ್ಲಿ ರೋಗಾತ್ಮಕ ಸ್ವಮೋಹವೆಂದು ಕರೆಯಲಾಗುತ್ತದೆ. ‘ನಾರ್ಸಿಸಿಸ್ಟ್’ ಎಂಬ ಪದವನ್ನು ಮನೆಯಲ್ಲಿಯೂ ಕಚೇರಿಯಲ್ಲಿಯೂ ಬೈಗುಳದಂತೆ ಬಳಸುವ ರೂಢಿ ಈಚೆಗೆ ಕಂಡುಬರುತ್ತಿರುವುದರಿಂದ, ಅದರ ನಿಜವಾದ ಅರ್ಥವನ್ನು ಅರಿಯುವುದು ಅವಶ್ಯಕವಾಗಿದೆ.

ಹೆಸರಿನ ಹಿನ್ನೆಲೆ

ಗ್ರೀಕ್ ಪುರಾಣದ ನಾರ್ಸಿಸಸ್ ಎಂಬ ತರುಣನು ಕೊಳದಲ್ಲಿ ಕಂಡ ತನ್ನದೇ ಪ್ರತಿಬಿಂಬಕ್ಕೆ ಮರುಳಾಗಿ, ಅದನ್ನು ಬಿಟ್ಟುಹೋಗಲಾರದೆ ಅಲ್ಲಿಯೇ ಕೊರಗಿ ಪ್ರಾಣಬಿಟ್ಟನು. ಅವನ ಹೆಸರಿನಿಂದ ಹುಟ್ಟಿದ ಪರಿಭಾಷೆಯನ್ನು ಸಿಗ್ಮಂಡ್ ಫ್ರಾಯ್ಡ್ 1914ರ ಪ್ರಬಂಧವೊಂದರಲ್ಲಿ ವಿಸ್ತಾರವಾಗಿ ಚರ್ಚಿಸಿದನು. ಕನ್ನಡದಲ್ಲಿ ಇದಕ್ಕೆ ‘ಆತ್ಮರತಿ’ ಎಂಬ ಪದವೂ ಬಳಕೆಯಲ್ಲಿದೆ. ಆದರೆ ಉಪನಿಷತ್ತು ಮತ್ತು ಭಗವದ್ಗೀತೆಗಳಲ್ಲಿ ಆ ಪದವು ಆತ್ಮದಲ್ಲಿ ನೆಲೆನಿಂತ ಜ್ಞಾನಿಯ ಆನಂದವನ್ನು ಸೂಚಿಸುತ್ತದೆ. ಆದ್ದರಿಂದ ಇಲ್ಲಿ ‘ಸ್ವಮೋಹ’ ಎಂಬ ಪದವನ್ನೇ ಬಳಸಲಾಗಿದೆ.

ವಿಯೆನ್ನಾದಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಇಬ್ಬರು ಮನೋವಿಶ್ಲೇಷಕರು 1970ರ ದಶಕದಲ್ಲಿ ಈ ವಿಷಯಕ್ಕೆ ಎರಡು ವಿವರಣೆಗಳನ್ನು ನೀಡಿದರು. ಬಾಲ್ಯದಲ್ಲಿ ದೊರೆಯಬೇಕಾದ ಮೆಚ್ಚುಗೆ ಮತ್ತು ಸಹಾನುಭೂತಿ ದೊರೆಯದಿದ್ದರೆ ‘ತಾನು’ ಎಂಬ ಭಾವದ ಬೆಳವಣಿಗೆ ಕುಂಠಿತವಾಗುತ್ತದೆ ಎಂದು ಹೈಂಜ್ ಕೊಹುಟ್ ಪ್ರತಿಪಾದಿಸಿದರು. ಆಟೊ ಕರ್ನ್‌ಬರ್ಗ್ ಅವರ ಪ್ರಕಾರ, ಹೊರಗೆ ಕಾಣುವ ಹಿರಿಮೆಯು ಒಳಗಿನ ಕ್ರೋಧ, ಅಸೂಯೆ ಮತ್ತು ಶೂನ್ಯಭಾವಗಳಿಗೆ ತೊಡಿಸಿದ ಕವಚ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗನಿದಾನ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಇದನ್ನು ಪ್ರತ್ಯೇಕ ವ್ಯಕ್ತಿತ್ವ ವಿಕಾರವಾಗಿ ಸೇರಿಸಿತು.

ಲಕ್ಷಣಗಳು

2013ರ ಐದನೆಯ ಆವೃತ್ತಿಯು 9 ಲಕ್ಷಣಗಳನ್ನು ಹೆಸರಿಸುತ್ತದೆ:

1. ತನ್ನ ಹಿರಿಮೆಯ ಬಗ್ಗೆ ಉತ್ಪ್ರೇಕ್ಷಿತ ಭಾವನೆ
2. ಎಲ್ಲೆಯಿಲ್ಲದ ಯಶಸ್ಸು, ಅಧಿಕಾರ, ಸೌಂದರ್ಯ ಇತ್ಯಾದಿಗಳ ಕಲ್ಪನೆಯಲ್ಲಿ ಮುಳುಗಿರುವುದು
3. ತಾನು ಅಸಾಮಾನ್ಯನೆಂಬ ನಂಬಿಕೆ
4. ಹೊಗಳಿಕೆಯ ಅತಿಯಾದ ಹಂಬಲ
5. ವಿಶೇಷ ಸವಲತ್ತುಗಳು ತನ್ನ ಹಕ್ಕೆಂಬ ನಿರೀಕ್ಷೆ
6. ಇತರರನ್ನು ಸ್ವಾರ್ಥಕ್ಕೆ ಬಳಸಿಕೊಳ್ಳುವುದು
7. ಪರರ ಭಾವನೆಗಳನ್ನು ಅರಿಯದಿರುವುದು ಅಥವಾ ಅರಿಯಲು ಒಪ್ಪದಿರುವುದು
8. ಅಸೂಯೆ, ಅಥವಾ ಇತರರು ತನ್ನನ್ನು ಕಂಡು ಅಸೂಯೆಪಡುತ್ತಾರೆಂಬ ನಂಬಿಕೆ
9. ದರ್ಪದ ನಡವಳಿಕೆ

ಇವುಗಳಲ್ಲಿ ಕನಿಷ್ಠ 5 ಲಕ್ಷಣಗಳು ಯೌವನದ ಆರಂಭದಿಂದಲೇ ಬಾಳಿನ ನಾನಾ ಸಂದರ್ಭಗಳಲ್ಲಿ ಸ್ಥಿರವಾಗಿ ಕಂಡುಬಂದು, ಅವುಗಳಿಂದ ಸಂಕಟವೋ ಕಾರ್ಯಹಾನಿಯೋ ಉಂಟಾಗುತ್ತಿರಬೇಕು. ಬಡ್ತಿ ದೊರೆತ ಹೊಸದರಲ್ಲಿ ಬೀಗಿದವರನ್ನೆಲ್ಲ ಈ ಪಟ್ಟಿಗೆ ಸೇರಿಸುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಜಾರಿಗೆ ತಂದ ರೋಗ ವರ್ಗೀಕರಣದಲ್ಲಿ ಈ ಹೆಸರಿನ ಪ್ರತ್ಯೇಕ ವರ್ಗವಿಲ್ಲ. ವ್ಯಕ್ತಿತ್ವ ವಿಕಾರದ ತೀವ್ರತೆಯನ್ನು ಮೊದಲು ನಿರ್ಧರಿಸಿ, ಅನಂತರ ಪ್ರಧಾನ ಗುಣಗಳನ್ನು ಗುರುತಿಸಲಾಗುತ್ತದೆ.

ಎರಡು ಮುಖಗಳು

ಸ್ವಮೋಹವು ಯಾವಾಗಲೂ ಅಬ್ಬರದ ರೂಪದಲ್ಲಿಯೇ ಇರುವುದಿಲ್ಲ. ಕೆಲವರಲ್ಲಿ ಅದು ಸಂಕೋಚ, ಮುನಿಸು, ಟೀಕೆಯನ್ನು ಸಹಿಸಲಾರದ ಮನಸ್ಸು ಮತ್ತು ತನ್ನನ್ನು ಯಾರೂ ಗುರುತಿಸಲಿಲ್ಲವೆಂಬ ಕೊರಗಿನ ರೂಪದಲ್ಲಿರುತ್ತದೆ. ಒಬ್ಬರಲ್ಲಿಯೇ ಈ ಎರಡು ಮುಖಗಳು ಬೇರೆ ಬೇರೆ ಕಾಲಗಳಲ್ಲಿ ಕಾಣಿಸಿಕೊಳ್ಳುವುದುಂಟು.

ಉದಾಹರಣೆಗೆ, ಕೈಕೆಳಗಿನವರನ್ನು ಗದರಿಸುತ್ತ ಅವರ ಶ್ರಮದ ಫಲವನ್ನು ತನ್ನದೆಂದು ಹೇಳಿಕೊಳ್ಳುತ್ತಿದ್ದ ಅಧಿಕಾರಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ನಿವೃತ್ತಿಯ ಮರುದಿನದಿಂದ ನಮಸ್ಕಾರ ಹೇಳುವವರಿಲ್ಲ, ದೂರವಾಣಿ ಕರೆಗಳಿಲ್ಲ. ಮೊದಲು ಅವರ ಸಿಟ್ಟು ಮನೆಯವರ ಮೇಲೆ ತಿರುಗುತ್ತದೆ. ಕ್ರಮೇಣ ಊಟ, ನಿದ್ರೆ ಕಡಿಮೆಯಾಗಿ ‘ನಾನಿದ್ದು ಏನು ಪ್ರಯೋಜನ?’ ಎಂಬ ಮಾತು ಹೊರಡುತ್ತದೆ. ‘ಜಂಬ ಇಳಿಯಿತು’ ಎಂದು ನೆರೆಯವರು ನಗಬಹುದು. ಆದರೆ ಇದು ಅಪಾಯದ ಘಳಿಗೆ. ಸ್ಥಾನಮಾನದ ಕುಸಿತವು ಇಂಥವರನ್ನು ತೀವ್ರ ಖಿನ್ನತೆಗೂ ಆತ್ಮಹತ್ಯೆಯ ಆಲೋಚನೆಗೂ ದೂಡಬಲ್ಲದು.

ಕಾರಣ ಮತ್ತು ಪಾಲನೆ

ಅನುವಂಶೀಯತೆ, ಹುಟ್ಟುಸ್ವಭಾವ ಮತ್ತು ಬೆಳೆದ ವಾತಾವರಣಗಳು ಕೂಡಿಯೇ ವ್ಯಕ್ತಿತ್ವವನ್ನು ರೂಪಿಸುತ್ತವೆ. ನೆದರ್ಲೆಂಡ್ಸ್‌ನಲ್ಲಿ 565 ಮಕ್ಕಳನ್ನೂ ಅವರ ತಂದೆತಾಯಿಯರನ್ನೂ ಕುರಿತು ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಮನಾರ್ಹವಾಗಿದೆ. ‘ನಮ್ಮ ಮಗು ಇತರರಿಗಿಂತ ಶ್ರೇಷ್ಠ’ ಎಂಬ ತಂದೆತಾಯಿಯರ ಭಾವನೆಯು ಮುಂದೆ ಮಕ್ಕಳಲ್ಲಿ ಕಂಡ ಸ್ವಮೋಹದೊಡನೆ ಸಂಬಂಧ ಹೊಂದಿತ್ತು. ಅಕ್ಕರೆಯು ಆರೋಗ್ಯಕರವಾದ ಆತ್ಮಗೌರವದೊಡನೆ ಸಂಬಂಧ ಹೊಂದಿತ್ತು. ಮಗುವನ್ನು ಪ್ರೀತಿಸುವುದು ಬೇರೆ, ಪಕ್ಕದ ಮನೆಯ ಮಗುವಿಗಿಂತ ಮೇಲೆಂದು ಅದಕ್ಕೆ ನಂಬಿಸುವುದು ಬೇರೆ ಎಂಬುದನ್ನು ಪಾಲಕರು ನೆನಪಿನಲ್ಲಿಡಬೇಕು.

ಚಿಕಿತ್ಸೆ ಮತ್ತು ನೆರವು

ಈ ವಿಕಾರಕ್ಕೆಂದೇ ನಿಗದಿಯಾದ ಔಷಧವಿಲ್ಲ. ಜೊತೆಗಿರುವ ಖಿನ್ನತೆ ಅಥವಾ ಆತಂಕಕ್ಕೆ ಔಷಧ ನೀಡಬಹುದು. ಮುಖ್ಯ ಉಪಾಯವೆಂದರೆ ದೀರ್ಘಕಾಲದ ಮನೋಚಿಕಿತ್ಸೆ. ಸ್ವಮೋಹಿಗಳು ತಮ್ಮಲ್ಲಿ ದೋಷವಿದೆಯೆಂದು ಒಪ್ಪುವುದು ವಿರಳ. ಖಿನ್ನತೆಯೋ ಸಂಸಾರದ ಬಿರುಕೋ ಅವರನ್ನು ವೈದ್ಯರ ಬಳಿಗೆ ಕರೆತರುತ್ತದೆ. ಬದಲಾವಣೆ ನಿಧಾನವಾದರೂ ಅಸಾಧ್ಯವಲ್ಲ.

ಮನೆಯವರು ತಾವೇ ರೋಗದ ಹೆಸರಿಟ್ಟು ಹಂಗಿಸಬಾರದು. ಅದರಿಂದ ಅವಮಾನ ಹೆಚ್ಚಿ ಚಿಕಿತ್ಸೆಯ ದಾರಿ ಮುಚ್ಚುತ್ತದೆ. ‘ಈಚೆಗೆ ನಿಮಗೆ ನಿದ್ರೆ ಬರುತ್ತಿಲ್ಲ, ಒಮ್ಮೆ ವೈದ್ಯರನ್ನು ಕಾಣೋಣ’ ಎಂದು ಆರಂಭಿಸುವುದು ಲೇಸು. ಅದೇ ವೇಳೆಗೆ, ಬೈಗುಳ, ಬೆದರಿಕೆ, ಹೊಡೆತಗಳನ್ನು ರೋಗದ ಹೆಸರಿನಲ್ಲಿ ಸಹಿಸಿಕೊಳ್ಳಬೇಕಾಗಿಲ್ಲ. ಕೌಟುಂಬಿಕ ಹಿಂಸೆಗೆ ಒಳಗಾದ ಮಹಿಳೆಯರಿಗೆ 2005ರ ಕಾಯಿದೆಯ ರಕ್ಷಣೆಯಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು, ಸರ್ಕಾರ ನಡೆಸುವ ಅಥವಾ ಅದರ ಧನಸಹಾಯ ಪಡೆಯುವ ಸೇವೆಗಳಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕಾಗಿಸಿದೆ. ರೋಗಿಯ ವಿವರಗಳನ್ನು ಗೋಪ್ಯವಾಗಿಡುವುದನ್ನೂ ಕಡ್ಡಾಯಗೊಳಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಇದರ ನೋಡಲ್ ಕೇಂದ್ರ. ಕನ್ನಡವೂ ಈ ಸೇವೆಯ ಭಾಷೆಗಳಲ್ಲೊಂದಾಗಿರುವುದರಿಂದ, ಮನಸ್ಸಿನ ನೋವನ್ನು ಪರಭಾಷೆಯಲ್ಲಿ ಹೇಳಲು ತೊಡಕುಪಡುವ ಹೊರನಾಡ ಕನ್ನಡಿಗರು ಇದರ ಸದುಪಯೋಗ ಪಡೆಯಬಹುದು. ಆತ್ಮಹತ್ಯೆಯ ಮಾತು ಕಿವಿಗೆ ಬಿದ್ದಲ್ಲಿ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಕೂಡಲೇ ನೆರವು ಕೋರಬೇಕು.