ಗಣಕಯಂತ್ರದ ಮುಖಪರಿವರ್ತನೆ

ಯಂತ್ರವನ್ನು ಬಳಸುವವನಿಗೆ ಅದರ ಅಂತರಂಗವೆಲ್ಲ ತಿಳಿದಿರಬೇಕೆಂಬ ನಿಯಮವಿಲ್ಲ. ಗಡಿಯಾರದ ಒಳಗಿನ ಹಲ್ಲುಚಕ್ರಗಳನ್ನು ಎಂದೂ ಕಾಣದವನು ಸಹ ಮುಳ್ಳುಗಳನ್ನು ನೋಡಿ ವೇಳೆಯನ್ನು ಹೇಳಬಲ್ಲನು. ಗಣಕಯಂತ್ರದ ವಿಷಯವೂ ಹಾಗೆಯೇ. ಅದರೊಳಗೆ ನಡೆಯುವ ಲೆಕ್ಕಾಚಾರವು ನಮಗೆ ಕಾಣದು. ಪರದೆಯ ಮೇಲೆ ತೋರುವ ಚಿತ್ರಗಳು, ಗುಂಡಿಗಳು, ಪಟ್ಟಿಗಳು ಮಾತ್ರ ಕಾಣುತ್ತವೆ. ಇವುಗಳ ಮೂಲಕವೇ ನಾವು ಯಂತ್ರಕ್ಕೆ ಅಪ್ಪಣೆ ಕೊಡುತ್ತೇವೆ. ಅದು ನಮಗೆ ಉತ್ತರ ಕೊಡುತ್ತದೆ. ಮನುಷ್ಯನಿಗೂ ಯಂತ್ರಕ್ಕೂ ನಡುವೆ ಇರುವ ಈ ಭಾಗಕ್ಕೆ ಇಂಟರ್‌ಫೇಸ್ ಎಂದು ಹೆಸರು. ನಾವು ಇದನ್ನು ಯಂತ್ರದ ಮುಖವೆಂದು ಕರೆಯೋಣ.

ಗಡಿಯಾರದ ಮುಖವು ತಲೆಮಾರುಗಳಿಂದ ಹೆಚ್ಚು ಬದಲಾಗಿಲ್ಲ. ಗಣಕಯಂತ್ರದ ಮುಖವಾದರೋ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತಲೇ ಇದೆ. ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ಆದುದರಿಂದ ಅನೇಕರು ವಿಂಡೋಸ್ 11ಕ್ಕೆ ಬರಬೇಕಾಯಿತು. "ಎಡಮೂಲೆಯ ಗುಂಡಿಯನ್ನು ಒತ್ತಬೇಕು" ಎಂದು ಪಾಠ ಒಪ್ಪಿಸುತ್ತಿದ್ದ ವಿದ್ಯಾರ್ಥಿಗೆ ಈಗ ಆ ಮೂಲೆಯಲ್ಲಿ ಗುಂಡಿಯೇ ಕಾಣದು. ಇಂತಹ ಬದಲಾವಣೆಗಳು ಹೇಗೆ ಬಂದವು, ಅವುಗಳನ್ನು ನಾವು ಹೇಗೆ ಎದುರಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

1992ರಲ್ಲಿ ಬಂದ ವಿಂಡೋಸ್ 3.1ರಲ್ಲಿ ಸ್ಟಾರ್ಟ್ ಗುಂಡಿ ಇರಲಿಲ್ಲ. ಪ್ರೋಗ್ರಾಮ್ ಮ್ಯಾನೇಜರ್ ಎಂಬ ಕಿಟಕಿಯೊಳಗೆ ಚಿಕ್ಕ ಚಿಕ್ಕ ಚಿತ್ರಗಳ ಗುಂಪುಗಳಿದ್ದವು. ಹೊಸಬನಿಗೆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂಬುದೇ ತೋಚುತ್ತಿರಲಿಲ್ಲ. ಈ ತೊಡಕನ್ನು ಕಳೆಯಲು 1995ರ ಆಗಸ್ಟ್ 24ರಂದು ಬಿಡುಗಡೆಯಾದ ವಿಂಡೋಸ್ 95ರಲ್ಲಿ ಪರದೆಯ ಕೆಳಭಾಗದಲ್ಲಿ ಟಾಸ್ಕ್‌ಬಾರ್ ಎಂಬ ಪಟ್ಟಿಯನ್ನು ಹಾಕಿ, ಅದರ ಎಡತುದಿಯಲ್ಲಿ ಸ್ಟಾರ್ಟ್ ಎಂದು ಬರೆದ ಗುಂಡಿಯನ್ನು ಇಟ್ಟರು. ಸ್ಟಾರ್ಟ್ ಎಂದರೆ ಆರಂಭಿಸು. ಅಷ್ಟಕ್ಕೇ ತೃಪ್ತರಾಗದೆ, "ಇಲ್ಲಿ ಒತ್ತಿ ಆರಂಭಿಸಿರಿ" ಎಂಬರ್ಥದ ಮಾತೊಂದು ಬಾಣದ ಗುರುತಿನೊಡನೆ ಆ ಗುಂಡಿಯತ್ತ ಸರಿದು ಬರುವಂತೆಯೂ ಮಾಡಿದರು. ದಾರಿ ಕಾಣದವನಿಗೆ ಕೈಮರ ನೆಟ್ಟಂತಾಯಿತು.

ಮೂಲೆಯೇ ಏಕೆ? ಇದಕ್ಕೆ ಶಾಸ್ತ್ರೀಯವಾದ ಆಧಾರವೊಂದುಂಟು. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಫಿಟ್ಸ್ ಎಂಬವನು 1954ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದನು. ಗುರಿಯು ದೂರವಾದಷ್ಟೂ ಚಿಕ್ಕದಾದಷ್ಟೂ ಕೈಯು ಅದನ್ನು ಮುಟ್ಟಲು ಹೆಚ್ಚು ಕಾಲ ಬೇಕಾಗುತ್ತದೆ ಎಂಬುದು ಅದರ ಸಾರ. ಪರದೆಯ ಮೂಲೆಗೆ ಮೌಸಿನ ಬಾಣವನ್ನು ಎಷ್ಟು ರಭಸದಿಂದ ತಳ್ಳಿದರೂ ಅದು ಅಂಚನ್ನು ದಾಟಿ ಹೋಗಲಾರದು, ಅಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಮೂಲೆಯಲ್ಲಿರುವ ಗುಂಡಿಯು ಗಾತ್ರದಲ್ಲಿ ಚಿಕ್ಕದಾದರೂ ಕೈಗೆ ದೊಡ್ಡ ಗುರಿಯಂತೆ ಸುಲಭವಾಗಿ ಸಿಕ್ಕುತ್ತದೆ.

ಹದಿನೇಳು ವರ್ಷಗಳ ಕಾಲ ಜನರು ಈ ಗುಂಡಿಗೆ ಒಗ್ಗಿಹೋದರು. ಅಷ್ಟರಲ್ಲಿ ಬೆರಳಿನಿಂದ ಮುಟ್ಟಿ ನಡೆಸುವ ಟ್ಯಾಬ್ಲೆಟ್‌ಗಳು ಬಳಕೆಗೆ ಬಂದವು. 2012ರ ಅಕ್ಟೋಬರ್ 26ರಂದು ಬಂದ ವಿಂಡೋಸ್ 8ರಲ್ಲಿ, ಮೇಜಿನ ಗಣಕಯಂತ್ರಕ್ಕೂ ಟ್ಯಾಬ್ಲೆಟ್‌ಗೂ ಒಂದೇ ಮುಖವಿರಲೆಂದು ಪರದೆಯ ತುಂಬ ಬಣ್ಣದ ಚೌಕಗಳನ್ನು ಹರಡಿದರು. ಸ್ಟಾರ್ಟ್ ಗುಂಡಿಯನ್ನು ತೆಗೆದುಬಿಟ್ಟರು. ಮೂಲೆಗೆ ಬಾಣವನ್ನು ಒಯ್ದು ಒತ್ತಿದರೆ ಆರಂಭದ ಪರದೆ ಬರುತ್ತಿದ್ದುದು ನಿಜ. ಆದರೆ ಹಾಗೆಂದು ತಿಳಿಸುವ ಗುರುತು ಅಲ್ಲಿರಲಿಲ್ಲ. ಯಂತ್ರವನ್ನು ಮುಚ್ಚುವ ಅಪ್ಪಣೆಯೂ ಬಲಗಡೆಯಿಂದ ಹೊರಬರುವ ಪಟ್ಟಿಯೊಂದರ ಒಳಗೆ ಅಡಗಿತ್ತು. ಬಾಗಿಲು ಇತ್ತು, ಆದರೆ ಗೋಡೆಯ ಬಣ್ಣವನ್ನೇ ಅದಕ್ಕೂ ಬಳಿದಿದ್ದರು! ಜನರ ಅಸಮಾಧಾನಕ್ಕೆ ಮಣಿದು 2013ರ ಅಕ್ಟೋಬರ್‌ನಲ್ಲಿ ಬಂದ 8.1ರಲ್ಲಿ ಗುಂಡಿಯನ್ನು ಮರಳಿ ಇಟ್ಟರು. ಒತ್ತಿದರೆ ತೆರೆದುಕೊಳ್ಳುವ ಹಳೆಯ ಬಗೆಯ ಪಟ್ಟಿಯು 2015ರ ಜುಲೈ 29ರಂದು ಬಂದ ವಿಂಡೋಸ್ 10ರಲ್ಲಿ ಚೌಕಗಳನ್ನೂ ಜೊತೆಗಿಟ್ಟುಕೊಂಡು ಹಿಂತಿರುಗಿತು.

2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಿತು. ಇದರಲ್ಲಿ ಸ್ಟಾರ್ಟ್ ಗುಂಡಿಯು ಮೂಲೆಯನ್ನು ಬಿಟ್ಟು ಪಟ್ಟಿಯ ನಡುವಿಗೆ ಬಂದಿದೆ. ಬಣ್ಣದ ಚೌಕಗಳು ಹೋಗಿವೆ. ಕಿಟಕಿಗಳ ಮೂಲೆಗಳು ದುಂಡಗಾಗಿವೆ. ಅಗಲವಾದ ಪರದೆಗಳಲ್ಲಿ ನಡುಭಾಗವೇ ಕಣ್ಣಿಗೆ ಹತ್ತಿರವೆಂಬುದು ಈ ಕ್ರಮದ ಪರವಾದ ಮಾತು. ಅದರ ವಿರುದ್ಧವಾಗಿಯೂ ಹೇಳಬಹುದು: ಹೆಚ್ಚು ಕಿಟಕಿಗಳನ್ನು ತೆರೆದಂತೆ ಪಟ್ಟಿಯಲ್ಲಿ ಚಿತ್ರಗಳು ಹೆಚ್ಚುತ್ತವೆ, ಆಗ ಸ್ಟಾರ್ಟ್ ಗುಂಡಿಯು ಎಡಕ್ಕೆ ಸರಿಯುತ್ತದೆ. ಸರಿದಾಡುವ ಗುರಿಯನ್ನು ನೋಡದೆ ಮುಟ್ಟುವುದು ಕಷ್ಟ. ಹಳೆಯ ಸ್ಥಳವೇ ಬೇಕೆನ್ನುವವರು ಟಾಸ್ಕ್‌ಬಾರ್‌ನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿ, ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಎಡಕ್ಕೆ ತರಬಹುದು.

ಇನ್ನೊಂದು ಬದಲಾವಣೆಯನ್ನೂ ಗಮನಿಸಬೇಕು. ಕಡತದ ಮೇಲೆ ಬಲಗುಂಡಿಯನ್ನು ಒತ್ತಿದಾಗ ಬರುವ ಪಟ್ಟಿಯಲ್ಲಿ ಕತ್ತರಿಸು, ನಕಲಿಸು, ಅಳಿಸು ಮೊದಲಾದ ಅರ್ಥದ ಇಂಗ್ಲಿಷ್ ಪದಗಳು ಮೊದಲು ಇದ್ದವು. ವಿಂಡೋಸ್ 11ರಲ್ಲಿ ಆ ಪದಗಳನ್ನು ತೆಗೆದು ಬರಿಯ ಚಿತ್ರಗಳನ್ನು ಇಟ್ಟರು. ಕತ್ತರಿಯ ಚಿತ್ರ ಕಂಡರೆ ಅರ್ಥವಾಗಬಹುದು, ಉಳಿದವನ್ನು ಊಹಿಸಬೇಕು. 2024ರ ಆವೃತ್ತಿಯಲ್ಲಿ ಆ ಚಿತ್ರಗಳಿಗೆ ಹೆಸರುಗಳನ್ನು ಮತ್ತೆ ಸೇರಿಸಿದರು. ಚಿತ್ರವು ಚೆಲುವಾದುದೇ, ಆದರೆ ಸಂಶಯವನ್ನು ಕಳೆಯುವುದು ಪದ.

ಇಷ್ಟೆಲ್ಲ ಬದಲಾದರೂ ಬದಲಾಗದೆ ಉಳಿದುದು ಏನು? ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆಯಿರುವ ಕೀಲಿಯನ್ನು ಒತ್ತಿದರೆ ಅಂದೂ ಆರಂಭವೇ ತೆರೆಯುತ್ತಿತ್ತು, ಇಂದೂ ತೆರೆಯುತ್ತದೆ. ಕಂಟ್ರೋಲ್ ಕೀಲಿಯೊಡನೆ ಸಿ ಒತ್ತಿದರೆ ನಕಲು, ವಿ ಒತ್ತಿದರೆ ಅಂಟಿಸುವಿಕೆ, ಝೆಡ್ ಒತ್ತಿದರೆ ಹಿಂದಿನ ಹೆಜ್ಜೆಯ ರದ್ದು. ಗುಂಡಿಗಳ ಸ್ಥಾನವು ಚಂಚಲ. ಅವುಗಳ ಕೆಲಸವು ಸ್ಥಿರ. ಸ್ಥಾನವನ್ನು ಮಾತ್ರ ಬಾಯಿಪಾಠ ಮಾಡಿದವನು ಪ್ರತಿ ಹೊಸ ಆವೃತ್ತಿಯಲ್ಲಿಯೂ ಮೊದಲಿನಿಂದ ಕಲಿಯಬೇಕಾಗುತ್ತದೆ. ಕೆಲಸವನ್ನು ಅರಿತವನಿಗೆ ಸ್ವಲ್ಪ ಹುಡುಕುವ ಶ್ರಮ ಮಾತ್ರ ಉಳಿಯುತ್ತದೆ.

ಕನ್ನಡದ ವಿದ್ಯಾರ್ಥಿಗಳಾದ ನಮಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡದ ಅಕ್ಷರವಿನ್ಯಾಸವಿತ್ತು. ಆಗ ಕನ್ನಡದ ಕೀಲಿಮಣೆಯನ್ನು ಸೇರಿಸಲು ಕಂಟ್ರೋಲ್ ಪ್ಯಾನಲ್‌ಗೆ ಹೋಗಬೇಕಿತ್ತು. ವಿಂಡೋಸ್ 10 ಮತ್ತು 11ರಲ್ಲಿ ಅದೇ ಕೆಲಸಕ್ಕೆ ಸೆಟ್ಟಿಂಗ್ಸ್‌ನಲ್ಲಿ ಕಾಲ ಮತ್ತು ಭಾಷೆಯ ವಿಭಾಗಕ್ಕೆ ಹೋಗಬೇಕು. ದಾರಿ ಬದಲಾಗಿದೆ, ಊರು ಅದೇ. ಮುಂಬಯಿಯಂತಹ ನಗರದಲ್ಲಿ ಕನ್ನಡದ ಕೀಲಿಮಣೆಯನ್ನು ತೋರಿಸಿಕೊಡುವವರು ಬೀದಿ ಬೀದಿಯಲ್ಲಿ ಸಿಕ್ಕುವುದಿಲ್ಲ. ಹೊಸ ಯಂತ್ರ ಮನೆಗೆ ಬಂದ ದಿನ ಕನ್ನಡವನ್ನು ಅದರಲ್ಲಿ ಸ್ಥಾಪಿಸದಿದ್ದರೆ, "ಇದರಲ್ಲಿ ಕನ್ನಡ ಬರುವುದಿಲ್ಲ" ಎಂಬ ತಪ್ಪು ತಿಳುವಳಿಕೆಯು ಮನೆಯಲ್ಲಿ ಬೇರೂರುತ್ತದೆ. ಮೊದಲು ಪತ್ರ ಇಂಗ್ಲಿಷಿಗೆ ಹೋಗುತ್ತದೆ. ಬಳಿಕ ಪ್ರಬಂಧವೂ ಅದನ್ನು ಹಿಂಬಾಲಿಸುತ್ತದೆ. ಭಾಷೆಯೊಂದು ಮನೆಯಿಂದ ಜಾರಿಹೋಗಲು ದೊಡ್ಡ ಕಾರಣವೇ ಬೇಕೆಂದಿಲ್ಲ. ಸಿಕ್ಕದ ಗುಂಡಿಯೊಂದು ಸಾಕು.

ಆದುದರಿಂದ ವಿದ್ಯಾರ್ಥಿಗಳು ಈ ಅಭ್ಯಾಸವನ್ನು ಮಾಡಿ ನೋಡಬೇಕು. ಶಾಲೆಯ ಯಂತ್ರದಲ್ಲಿ ಗುರುಗಳ ಅನುಮತಿ ಪಡೆದು, ಅಥವಾ ಮನೆಯ ಯಂತ್ರದಲ್ಲಿ, ಕನ್ನಡದ ಕೀಲಿಮಣೆಯನ್ನು ನೀವೇ ಹುಡುಕಿ ಸೇರಿಸಿರಿ. ವಿಂಡೋಸ್ ಕೀಲಿಯೊಡನೆ ಸ್ಪೇಸ್ ಕೀಲಿಯನ್ನು ಒತ್ತಿ ಇಂಗ್ಲಿಷಿನಿಂದ ಕನ್ನಡಕ್ಕೆ ಬನ್ನಿರಿ. ನಿಮ್ಮ ಹೆಸರನ್ನು ಬರೆಯಿರಿ. ಅನಂತರ ನಡೆದ ದಾರಿಯನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿರಿ. ಆದರೆ "ಎಲ್ಲಿ ಒತ್ತಿದೆನು" ಎಂದಷ್ಟೇ ಬರೆಯದೆ "ಯಾವ ಕೆಲಸಕ್ಕಾಗಿ ಒತ್ತಿದೆನು" ಎಂಬುದನ್ನೂ ಬರೆಯಿರಿ. ಕೊನೆಗೆ ಅದನ್ನು ನಿಮ್ಮ ತಾಯಿಗೋ ಅಜ್ಜನಿಗೋ ಕಲಿಸಿರಿ. ಮುಂದಿನ ಆವೃತ್ತಿಯಲ್ಲಿ ಗುಂಡಿಗಳು ಪುನಃ ಸ್ಥಳ ಬದಲಿಸಬಹುದು. ಆಗ ಈ ಟಿಪ್ಪಣಿಯ ಅರ್ಧ ಭಾಗ ಹಳತಾಗುವುದು. ಉಳಿದರ್ಧವು ನಿಮಗೆ ದಾರಿ ತೋರುವುದು.